ರಕ್ತ ಗಟ್ಟಿಯಾದರೆ ಕಾಲಿನ ನಾಳ ಕಟ್ಟಿಕೊಳ್ಳುತ್ತದೆಯೇ?

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾರೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಮೂವತ್ತು ವರ್ಷಗಳಿಂದ ಬೀಡಿ ಸೇದುತ್ತಾರೆ. ಇನ್ನೂರು ಮೀಟರ್ ನಡೆದರೆ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಬಿಡುತ್ತದೆ. ರಕ್ತದ ಹರಿವನ್ನು ಶಬ್ದದ ಅಲೆಗಳಿಂದ ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ಎಡತೊಡೆಯ ಅಪಧಮನಿ ಕಿರಿದಾಗಿದೆ ಎಂದು ಬಂದಿದೆ. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ ಎಡಗಡೆ 0.68, ಬಲಗಡೆ 0.94. ಹಿಮೋಗ್ಲೋಬಿನ್ 17.2, ಹೆಮಟೋಕ್ರಿಟ್ 51. ಕ್ಲೊಪಿಡೊಗ್ರೆಲ್, ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮತ್ತು ಪೆಂಟಾಕ್ಸಿಫಿಲಿನ್ ಮಾತ್ರೆಗಳನ್ನು ಕೊಟ್ಟಿದ್ದಾರೆ. ‘ರಕ್ತ ಗಟ್ಟಿಯಾಗಿದೆ, ಅದಕ್ಕೇ ನಾಳ ಕಟ್ಟಿದೆ, ತೆಳುವಾದರೆ ಸರಿಹೋಗುತ್ತದೆ’ ಎಂದು ಬಂಧುಗಳೆಲ್ಲ ಹೇಳುತ್ತಿದ್ದಾರೆ. ಇದು ನಿಜವೇ? ನಿಜವಾದರೆ ಎರಡೂ ಕಾಲಿಗೆ ಏಕೆ ಬರಲಿಲ್ಲ? ಹೆಚ್ಚು ನೀರು ಕುಡಿಸಬೇಕೇ, ಬೆಳ್ಳುಳ್ಳಿ ಕೊಡಬೇಕೇ, ರಕ್ತದಾನ ಮಾಡಿಸಬಹುದೇ? ನೋವಿದ್ದರೂ ನಡೆಯಬೇಕೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ತಂದೆಯವರ ನಾಳ ಕಿರಿದಾಗಲು ಗಟ್ಟಿ ರಕ್ತ ಮುಖ್ಯ ಕಾರಣವಲ್ಲ. ತಂಬಾಕು, ಸಕ್ಕರೆ, ಕೊಲೆಸ್ಟರಾಲ್, ರಕ್ತದೊತ್ತಡ, ವಯಸ್ಸು ಇವೆಲ್ಲ ಸೇರಿ ನಾಳದ ಗೋಡೆಯನ್ನು ಕೆಡಿಸುತ್ತವೆ. ಆದರೆ ಗೋಡೆ ಯಾವ ಜಾಗದಲ್ಲಿ ಕೆಡುತ್ತದೆ ಎಂಬುದು ಬಹುಮಟ್ಟಿಗೆ ರಕ್ತ ಹರಿಯುವ ರೀತಿಯನ್ನು ಅವಲಂಬಿಸಿದೆ. ನಾಳ ಕಿರಿದಾದ ಮೇಲೆ ಕಾಲು ಎಷ್ಟು ಸಂಕಟಪಡುತ್ತದೆ ಎಂಬುದರಲ್ಲಿ ರಕ್ತದ ಗಟ್ಟಿತನಕ್ಕೂ ಒಂದು ಪಾಲಿದೆ. ಬಂಧುಗಳು ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ. ಆದರೆ ಅದನ್ನೇ ನಂಬಿ ಚಿಕಿತ್ಸೆ ಮಾಡಿದರೆ, ನಿಜವಾಗಿ ಕೆಲಸ ಮಾಡುವ ಉಪಾಯಗಳು ಹಿಂದೆ ಉಳಿದುಬಿಡುತ್ತವೆ. ನನ್ನ ಆತಂಕ ಅದು.

ರಕ್ತದ ಗಟ್ಟಿತನವನ್ನು ವೈದ್ಯರು ಸ್ನಿಗ್ಧತೆ ಎನ್ನುತ್ತಾರೆ. ಹರಿಯುವಾಗ ದ್ರವವು ತನ್ನೊಳಗೇ ಒಡ್ಡುವ ತಡೆ ಅದು. ರಕ್ತದಿಂದ ಕಣಗಳನ್ನೆಲ್ಲ ತೆಗೆದರೆ ಉಳಿಯುವ ಪ್ಲಾಸ್ಮಾದ ಸ್ನಿಗ್ಧತೆ ನೀರಿನ ಎರಡು ಪಟ್ಟಿನಷ್ಟೂ ಇರುವುದಿಲ್ಲ. ಕಣಗಳೂ ಸೇರಿದ ಪೂರ್ಣ ರಕ್ತದ್ದು, ವೇಗವಾಗಿ ಹರಿಯುವಾಗ, ನೀರಿನ ನಾಲ್ಕೈದು ಪಟ್ಟು. ಇದನ್ನು ನಿರ್ಧರಿಸುವುದರಲ್ಲಿ ಮೊದಲ ಸ್ಥಾನ ಕೆಂಪು ಕಣಗಳ ಪ್ರಮಾಣಕ್ಕೆ. ಹೆಮಟೋಕ್ರಿಟ್ ಎಂದರೆ ಅದೇ. ನಿಮ್ಮ ತಂದೆಯವರ 51 ಎಂಬ ಅಂಕಿಯ ಅರ್ಥ, ಅವರ ರಕ್ತದ ನೂರು ಪಾಲಿನಲ್ಲಿ ಐವತ್ತೊಂದು ಪಾಲು ಕೆಂಪು ಕಣಗಳೇ ಇವೆ ಎಂದು. ಎರಡನೆಯ ಸ್ಥಾನ ಫೈಬ್ರಿನೋಜನ್ ಎಂಬ ಪ್ರೋಟೀನಿಗೆ. ಸಾಮಾನ್ಯವಾಗಿ ಅದು ಪ್ರತಿ ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ ಇರುತ್ತದೆ. ಸೋಂಕು, ಉರಿಯೂತ ಮತ್ತು ಧೂಮಪಾನ ಇದನ್ನು ಏರಿಸುತ್ತವೆ. ಕೆಂಪು ಕಣ ಎಷ್ಟು ಮೆತ್ತಗೆ ಬಾಗುತ್ತದೆ ಎಂಬುದೂ ಮುಖ್ಯ. ಅದರ ಅಗಲ ಸುಮಾರು ಎಂಟು ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಅದು ನುಸುಳಬೇಕಾದ ಲೋಮನಾಳಗಳು ಎಷ್ಟೋ ಕಡೆ ಐದಾರು ಮೈಕ್ರಾನ್ ಮಾತ್ರ. ಮಡಚಿಕೊಳ್ಳದೆ ದಾಟುವಂತಿಲ್ಲ. ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಲ್ಲಿ ಈ ಕಣಗಳು ಬಿಗಿಯಾಗುತ್ತವೆ.

ನೀರು ಅಥವಾ ಎಣ್ಣೆಯ ಸ್ನಿಗ್ಧತೆ ವೇಗದೊಂದಿಗೆ ಬದಲಾಗುವುದಿಲ್ಲ. ರಕ್ತದ್ದು ಬದಲಾಗುತ್ತದೆ. ಜೋರಾಗಿ ಹರಿಯುವಾಗ ಕೆಂಪು ಕಣಗಳು ಬಿಡಿಬಿಡಿಯಾಗಿ, ಹರಿವಿನ ದಿಕ್ಕಿಗೆ ನೀಳವಾಗಿ ಸಾಗುತ್ತವೆ. ಆಗ ರಕ್ತ ತೆಳು. ಹರಿವು ನಿಧಾನವಾದರೆ ಫೈಬ್ರಿನೋಜನ್ ಅವುಗಳನ್ನು ಒಂದಕ್ಕೊಂದು ಅಂಟಿಸಿ ಸಾಲುಗಟ್ಟಿಸುತ್ತದೆ. ಆಗ ಅದೇ ರಕ್ತದ ಸ್ನಿಗ್ಧತೆ ಹಲವು ಪಟ್ಟು ಏರುತ್ತದೆ. ಹಾಗಾಗಿ ಒಬ್ಬ ಮನುಷ್ಯನ ರಕ್ತ ಇಷ್ಟೇ ಗಟ್ಟಿ ಎಂದು ಒಂದು ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಒಂದೇ ಗಳಿಗೆಯಲ್ಲಿ ಅದು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ ತೆಳುವಾಗಿಯೂ, ಅಡಚಣೆಯ ಆಚೆಗಿನ ಸಣ್ಣ ನಾಳದಲ್ಲಿ ಗಟ್ಟಿಯಾಗಿಯೂ ಇರಬಲ್ಲದು.

ಎರಡೂ ಕಾಲಿಗೆ ಹರಿಯುವುದು ಒಂದೇ ರಕ್ತ, ಒಂದೇ ಕೊಲೆಸ್ಟರಾಲ್, ಒಂದೇ ಸಕ್ಕರೆ. ಆದರೂ ಒಂದೇ ಕಡೆ ಏಕೆ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ರಕ್ತದ ಗುಣವೇ ಎಲ್ಲಕ್ಕೂ ಕಾರಣವಾಗಿದ್ದರೆ ದೇಹದ ಎಲ್ಲ ಅಪಧಮನಿಗಳೂ ಸಮನಾಗಿ ಕೆಡಬೇಕಿತ್ತು. ಹಾಗಾಗುವುದಿಲ್ಲ. ಈ ರೋಗ ತನಗೆ ಒಗ್ಗುವ ಜಾಗಗಳನ್ನು ಆರಿಸಿಕೊಳ್ಳುತ್ತದೆ: ನಾಳ ಕವಲೊಡೆಯುವ ಕಡೆ, ಬಾಗುವ ಕಡೆ, ಹೊಟ್ಟೆಯ ಕೆಳಗೆ ಮಹಾಪಧಮನಿ ಎರಡಾಗುವಲ್ಲಿ, ತೊಡೆಸಂದಿಯ ಕವಲಿನಲ್ಲಿ, ಮತ್ತು ಮಂಡಿಗಿಂತ ಸ್ವಲ್ಪ ಮೇಲೆ ತೊಡೆಯ ಅಪಧಮನಿ ಸ್ನಾಯುಗಳ ನಡುವಿನ ಕಾಲುವೆಯನ್ನು ದಾಟುವಲ್ಲಿ.

ಹರಿಯುವ ರಕ್ತ ನಾಳದ ಒಳಗೋಡೆಯನ್ನು ಉದ್ದಕ್ಕೂ ಉಜ್ಜುತ್ತಾ ಸಾಗುತ್ತದೆ. ಈ ಉಜ್ಜುವ ಬಲ ಎಲ್ಲಿ ಹೆಚ್ಚೋ ಅಲ್ಲಿ ಗೋಡೆ ಗಾಯಗೊಂಡು ರೋಗ ಬರುತ್ತದೆ ಎಂದು 1960ರ ದಶಕದಲ್ಲಿ ಕೆಲವು ವಿಜ್ಞಾನಿಗಳು ಭಾವಿಸಿದ್ದರು. ಕೇಳಿದರೆ ಸರಿ ಎನಿಸುವ ಮಾತು. 1969ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಾಲಿನ್ ಕ್ಯಾರೊ ಮತ್ತು ಅವರ ಸಂಗಡಿಗರು ಇದಕ್ಕೆ ತದ್ವಿರುದ್ಧವಾದ ವಾದ ಮುಂದಿಟ್ಟರು: ಉಜ್ಜುವ ಬಲ ಕಡಿಮೆ ಇರುವ ಕಡೆಯೇ ಕೊಬ್ಬಿನ ಗಡ್ಡೆ ಬೆಳೆಯುತ್ತದೆ. ನಂತರದ ದಶಕಗಳ ಕೆಲಸ ಬಹುಮಟ್ಟಿಗೆ ಅವರ ಮಾತನ್ನೇ ಎತ್ತಿಹಿಡಿದಿದೆ. ನಾಳದ ಒಳಮೈಗೆ ಒಂದೇ ಒಂದು ಜೀವಕಣದಷ್ಟು ದಪ್ಪದ ಹೊದಿಕೆಯಿದೆ. ಈ ಒಳಪದರದ ಕಣಗಳು ಹರಿವಿನ ಉಜ್ಜುವಿಕೆಯನ್ನು ಗ್ರಹಿಸುತ್ತವೆ. ಹರಿವು ಒಂದೇ ದಿಕ್ಕಿಗೆ, ತಕ್ಕಷ್ಟು ಬಿರುಸಾಗಿ ಇದ್ದರೆ ಅವು ನೈಟ್ರಿಕ್ ಆಕ್ಸೈಡ್ ಸ್ರವಿಸುತ್ತವೆ. ಅದು ನಾಳವನ್ನು ಹಿಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅಂಟದಂತೆ ನೋಡಿಕೊಳ್ಳುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂದಿತು. ಹರಿವು ಮಂದವಾಗಿ, ಹಿಂದೆ ಮುಂದೆ ತೂಗಾಡುತ್ತಿದ್ದರೆ ಅದೇ ಕಣಗಳ ಸ್ವಭಾವ ಬದಲಾಗುತ್ತದೆ: ಕೊಲೆಸ್ಟರಾಲ್ ಗೋಡೆಯೊಳಗೆ ಇಳಿಯಲು ಎಡೆಯಾಗುತ್ತದೆ, ಬಿಳಿ ರಕ್ತಕಣಗಳು ಅಂಟಿಕೊಂಡು ಒಳಹೊಗುತ್ತವೆ.

ಕಾಲುವೆಯಲ್ಲಿ ನೀರು ನಿಧಾನವಾದ ಕಡೆ ಹೂಳು ನಿಲ್ಲುತ್ತದಲ್ಲ, ಇದೂ ಹಾಗೆಯೇ ಎಂದು ನಿಮಗೆ ಅನ್ನಿಸಬಹುದು. ಜಾಗದ ಮಟ್ಟಿಗೆ ಆ ಹೋಲಿಕೆ ಸರಿ, ಆದರೆ ಅಲ್ಲಿಗೇ ನಿಲ್ಲಿಸಬೇಕು. ಹೂಳು ತಳದ ಮೇಲೆ ಕೂರುತ್ತದೆ, ಕೆರೆದು ತೆಗೆಯಬಹುದು. ಅಪಧಮನಿಯ ಗಡ್ಡೆ ಗೋಡೆಯ ಒಳಗೇ ಬೆಳೆಯುವ ಜೀವಂತ ಗಾಯ. ಅದರಲ್ಲಿ ಕೊಬ್ಬು, ಉರಿಯೂತದ ಕಣಗಳು, ನಾರು, ಕೆಲವೊಮ್ಮೆ ಸುಣ್ಣ ಎಲ್ಲವೂ ಇರುತ್ತವೆ. ರಕ್ತ ತೆಳುವಾದರೆ ಅದು ಕರಗಿ ಹೋಗುವುದಿಲ್ಲ. ಯಾವ ಕಷಾಯವೂ ಅದನ್ನು ತೊಳೆದು ತೆಗೆಯುವುದಿಲ್ಲ.

ಕಾಲಿನ ವಿಷಯದಲ್ಲಿ ಇನ್ನೊಂದು ವಿಶೇಷವಿದೆ. ಮೆದುಳು, ಮೂತ್ರಪಿಂಡಗಳಿಗೆ ಹೋಗುವ ರಕ್ತ ಹಗಲು ರಾತ್ರಿ ಮುಂದಕ್ಕೇ ಹರಿಯುತ್ತದೆ. ಕಾಲಿನ ಅಪಧಮನಿಗಳಲ್ಲಿ ಹಾಗಲ್ಲ. ಕುಳಿತಿರುವಾಗ, ಮಲಗಿರುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಡ, ಅಲ್ಲಿನ ಸಣ್ಣ ನಾಳಗಳು ಬಿಗಿದುಕೊಂಡಿರುತ್ತವೆ. ಹೃದಯ ಒತ್ತಿದಾಗ ರಕ್ತ ಮುಂದೆ ನುಗ್ಗುತ್ತದೆ, ಮರುಕ್ಷಣ ಸ್ವಲ್ಪ ಹಿಂದಕ್ಕೆ ಬರುತ್ತದೆ, ಮತ್ತೆ ತುಸು ಮುಂದಕ್ಕೆ ಹೋಗುತ್ತದೆ. ಆರೋಗ್ಯವಂತ ಕಾಲಿನ ಡಾಪ್ಲರ್ ಅಲೆ ಮೂರು ಹಂತಗಳಲ್ಲಿ ಕಾಣುವುದು ಈ ಕಾರಣಕ್ಕೆ. ಇದು ಸಹಜವೇ ಹೌದು. ಆದರೆ ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ಮನುಷ್ಯನ ತೊಡೆಯ ಅಪಧಮನಿಗೆ ಅಷ್ಟು ಹೊತ್ತೂ ಹಿಂದೆ ಮುಂದೆ ತೂಗಾಡುವ ಹರಿವೇ ಗತಿ. ಎದ್ದು ನಡೆಯತೊಡಗಿದ ಕೂಡಲೇ ಸ್ನಾಯುಗಳ ಸಣ್ಣ ನಾಳಗಳು ತೆರೆದುಕೊಳ್ಳುತ್ತವೆ, ಹಿಮ್ಮುಖ ಹರಿವು ನಿಲ್ಲುತ್ತದೆ, ಗೋಡೆಗೆ ಅಗತ್ಯವಾದ ಉಜ್ಜುವಿಕೆ ಸಿಗುತ್ತದೆ. ಔಷಧವಿಲ್ಲದೆ, ನಮ್ಮ ಕೈಯಲ್ಲೇ ಇರುವ ಹರಿವಿನ ಬದಲಾವಣೆ ಇದು.

ಎಡಗಾಲಿಗೇ ಏಕೆ ಎಂಬುದಕ್ಕೆ ಬರೋಣ. ಕವಲಿನ ಕೋನ, ನಾಳದ ಅಗಲ, ಬಾಗು ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ಸಣ್ಣ ವ್ಯತ್ಯಾಸ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ದೊಡ್ಡದಾಗುತ್ತದೆ. ಬಲಗಾಲು ಪೂರ್ತಿ ಪಾರಾಗಿದೆ ಎಂದೂ ತಿಳಿಯಬೇಡಿ. ಕಣಕಾಲು ಮತ್ತು ತೋಳಿನ ಒತ್ತಡದ ಅನುಪಾತ 1.00ರಿಂದ 1.40ರವರೆಗೆ ಇದ್ದರೆ ಸಹಜ, 0.90 ಅಥವಾ ಕಡಿಮೆಯಾದರೆ ರೋಗ, 0.94 ಎಂದರೆ ಗಡಿಯಲ್ಲಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಕಣಕಾಲಿನ ನಾಳಗಳಿಗೆ ಸುಣ್ಣ ಕಟ್ಟಿ ಬಿ.ಪಿ. ಪಟ್ಟಿಗೆ ಅದುಮಿಕೊಳ್ಳುವುದಿಲ್ಲ, ಆಗ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅನುಮಾನ ಬಂದರೆ ಕಾಲಿನ ಹೆಬ್ಬೆರಳಿನ ಒತ್ತಡ ನೋಡುತ್ತಾರೆ. ಸುಣ್ಣ ಸಾಮಾನ್ಯವಾಗಿ ಬೆರಳಿನ ಸಣ್ಣ ನಾಳಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮುಂದಿನ ಭೇಟಿಯಲ್ಲಿ ಇದನ್ನು ಕೇಳಿ.

ಈಗ ಗಟ್ಟಿ ರಕ್ತದ ಲೆಕ್ಕ. ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ದಶಕದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ನಿಯಮ ಕಂಡುಕೊಂಡರು. ಅವರ ಆಸಕ್ತಿ ಇದ್ದದ್ದು ರಕ್ತದ ಹರಿವಿನಲ್ಲೇ. ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚು. ಸ್ನಿಗ್ಧತೆ ಮತ್ತು ಕೊಳವೆಯ ಉದ್ದ ಹೆಚ್ಚಿದಷ್ಟೂ ಹರಿವು ಕಡಿಮೆ. ಕೊಳವೆಯ ತ್ರಿಜ್ಯಕ್ಕೆ ಬಂದರೆ ಮಾತ್ರ ಹರಿವು ಅದರ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಅಗಲ ಅರ್ಧಕ್ಕಿಳಿದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ರಕ್ತದ ಸ್ನಿಗ್ಧತೆ ಶೇಕಡ 20ರಷ್ಟು ಏರಿದರೆ ಹರಿವು ಶೇಕಡ 17ರಷ್ಟು ತಗ್ಗುತ್ತದೆ. ನಾಳದ ಅಗಲ ಬರೀ ಶೇಕಡ 5ರಷ್ಟು ಕುಗ್ಗಿದರೂ ಹರಿವು ಶೇಕಡ 19ರಷ್ಟು ತಗ್ಗುತ್ತದೆ. ಅಷ್ಟೊಂದು ಗಟ್ಟಿಯಾದ ರಕ್ತ ಮಾಡುವ ಹಾನಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಿರಿದಾಗುವಿಕೆ ಮಾಡಿಬಿಡುತ್ತದೆ. ಹೋರಾಟ ನಾಳದ ಗೋಡೆಯ ಪರವಾಗಿ ನಡೆಯಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇದರಲ್ಲೂ ಒಂದು ಸೂಕ್ಷ್ಮವಿದೆ. ಪ್ವಾಸೆಯ್ ನಿಯಮ ಉದ್ದವಾದ, ನೇರವಾದ ಕೊಳವೆಯಲ್ಲಿ ಶಾಂತವಾಗಿ ಹರಿಯುವ ದ್ರವಕ್ಕೆ ಸಲ್ಲುತ್ತದೆ. ತೀರ ಕಿರಿದಾದ, ಗಿಡ್ಡ ಅಡಚಣೆಯಲ್ಲಿ ರಕ್ತ ಚಿಮ್ಮಿದಂತೆ ಹೊರಬಂದು, ಆಚೆಗಿನ ಅಗಲವಾದ ಜಾಗದಲ್ಲಿ ಸುಳಿಯಾಗಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ವೈದ್ಯರು ತೊಡೆಸಂದಿಗೆ ಸ್ಟೆತಸ್ಕೋಪ್ ಇಟ್ಟು ಕೇಳುವ ಶಬ್ದ ಈ ಸುಳಿಯದು. ಹೀಗೆ ಕಳೆದುಹೋಗುವ ಒತ್ತಡ ರಕ್ತದ ವೇಗ ಮತ್ತು ಸಾಂದ್ರತೆಗೆ ಸಂಬಂಧಿಸಿದ್ದು. ಸ್ನಿಗ್ಧತೆಯ ಪಾತ್ರ ಅಲ್ಲಿ ಅಲ್ಪ. ಅಂದರೆ ಎಲ್ಲಿ ಅಡಚಣೆ ಇದೆಯೋ ಅಲ್ಲಿ, ರಕ್ತವನ್ನು ತೆಳುವಾಗಿಸಿ ಸಿಗುವ ಲಾಭ ಬಹಳ ಕಡಿಮೆ.

ಹಾಗಾದರೆ ಸ್ನಿಗ್ಧತೆಯ ಪಾಲು ಎಲ್ಲಿದೆ? ಅಡಚಣೆಯ ಆಚೆ. ಮುಖ್ಯ ದಾರಿ ಮುಚ್ಚುತ್ತಾ ಬಂದಂತೆ ರಕ್ತ ಪಕ್ಕದ ಸಣ್ಣ, ಉದ್ದ, ಅಂಕುಡೊಂಕಾದ ಉಪನಾಳಗಳನ್ನು ಬಳಸಿ ಮೀನಖಂಡ ತಲುಪುತ್ತದೆ. ಅಲ್ಲಿ ಸ್ನಿಗ್ಧತೆಯ ಮಾತು ನಡೆಯುತ್ತದೆ. ಆರೋಗ್ಯವಂತರಲ್ಲಿ ರಕ್ತ ತುಸು ಗಟ್ಟಿಯಾದರೆ ಸಣ್ಣ ಅಪಧಮನಿಗಳು ಹಿಗ್ಗಿ ಸರಿದೂಗಿಸುತ್ತವೆ. ನಿಮ್ಮ ತಂದೆಯವರು ಇನ್ನೂರು ಮೀಟರ್ ನಡೆಯುವಷ್ಟರಲ್ಲಿ ಮೀನಖಂಡದ ಸಣ್ಣ ನಾಳಗಳು ಹಿಗ್ಗಬಹುದಾದಷ್ಟು ಹಿಗ್ಗಿರುತ್ತವೆ, ಕೈಯಲ್ಲಿ ಮೀಸಲು ಉಳಿದಿರುವುದಿಲ್ಲ. ಅಲ್ಲಿಗೆ ತಲುಪುವ ಒತ್ತಡವೂ ಕಡಿಮೆ: ತೋಳಿನಲ್ಲಿ 140 ಇದ್ದರೆ ಎಡಕಣಕಾಲಿನಲ್ಲಿ 95 ಮಾತ್ರ, ಅದೂ ಮಲಗಿರುವಾಗ. ಒತ್ತಡ ತಗ್ಗಿದರೆ ಹರಿವು ಮಂದ, ಮಂದವಾದರೆ ಕೆಂಪು ಕಣಗಳು ಸಾಲುಗಟ್ಟುತ್ತವೆ, ಸಾಲುಗಟ್ಟಿದರೆ ಹರಿವು ಇನ್ನೂ ಮಂದ. ಬಿಗಿಯಾದ ಕೆಂಪು ಕಣಗಳು, ಅವುಗಳಿಗಿಂತ ದೊಡ್ಡದಾದ ಬಿಳಿ ಕಣಗಳು ಲೋಮನಾಳಗಳ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ರೋಗ ಮುಂದುವರಿದು ಕಾಲು ಹುಣ್ಣಾಗುವ ಹಂತಕ್ಕೆ ಬಂದಾಗ ಈ ವಿಷವರ್ತುಲ ನಿಜಕ್ಕೂ ಕಾಡುತ್ತದೆ.

ಜನಸಮುದಾಯಗಳ ಅಧ್ಯಯನಗಳಲ್ಲೂ ಈ ನಂಟು ಕಂಡಿದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ 1988ರಲ್ಲಿ ಶುರುವಾದ ಅಧ್ಯಯನ 55ರಿಂದ 74 ವಯಸ್ಸಿನ 1592 ಸ್ತ್ರೀಪುರುಷರನ್ನು ವರ್ಷಗಟ್ಟಲೆ ಗಮನಿಸಿತು. ಫೈಬ್ರಿನೋಜನ್ ಮತ್ತು ರಕ್ತದ ಸ್ನಿಗ್ಧತೆ ಹೆಚ್ಚಿದ್ದವರಲ್ಲಿ ಕಾಲಿನ ಅಪಧಮನಿ ರೋಗವೂ ಹೆಚ್ಚು ಕಂಡುಬಂದಿತು. ಆದರೆ ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನಲಾಗದು. ಬೀಡಿ ಸೇದಿದರೆ ಗೋಡೆಯೂ ಕೆಡುತ್ತದೆ, ಫೈಬ್ರಿನೋಜನ್ ಕೂಡ ಏರುತ್ತದೆ. ಗೋಡೆಯೊಳಗಿನ ಉರಿಯೂತವೇ ಫೈಬ್ರಿನೋಜನ್ ಅನ್ನು ಏರಿಸಬಲ್ಲದು. ಬೆಜಾಫೈಬ್ರೇಟ್ ಎಂಬ ಔಷಧ ಫೈಬ್ರಿನೋಜನ್ ಇಳಿಸುತ್ತದೆ ಎಂದು ಗೊತ್ತಿತ್ತು. ಕಾಲಿನ ಅಪಧಮನಿ ರೋಗವಿದ್ದ 1568 ಗಂಡಸರ ಮೇಲೆ ಅದನ್ನು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಫೈಬ್ರಿನೋಜನ್ ಇಳಿಯಿತು, ಆದರೆ ಹೃದಯಾಘಾತ ಮತ್ತು ಪಾರ್ಶ್ವವಾಯುಗಳ ಒಟ್ಟು ಸಂಖ್ಯೆ ಇಳಿಯಲಿಲ್ಲ.

ಪೆಂಟಾಕ್ಸಿಫಿಲಿನ್ ಕತೆಯೂ ಇಂಥದ್ದೇ. ಕೆಂಪು ಕಣಗಳನ್ನು ಮೆದುವಾಗಿಸಿ ಹರಿವನ್ನು ಸುಗಮಗೊಳಿಸುತ್ತದೆ ಎಂಬ ಭರವಸೆಯ ಮೇಲೆ ಅಮೆರಿಕದಲ್ಲಿ 1984ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2000ರಲ್ಲಿ ಪ್ರಕಟವಾದ, ಸುಮಾರು 700 ರೋಗಿಗಳ ಪರೀಕ್ಷೆಯಲ್ಲಿ ಪೆಂಟಾಕ್ಸಿಫಿಲಿನ್ ತೆಗೆದುಕೊಂಡವರು ಹುಸಿಮಾತ್ರೆ ತೆಗೆದುಕೊಂಡವರಿಗಿಂತ ಹೆಚ್ಚು ದೂರ ನಡೆಯಲಿಲ್ಲ; ಸಿಲೊಸ್ಟಜಾಲ್ ಎಂಬ ಇನ್ನೊಂದು ಮಾತ್ರೆ ತೆಗೆದುಕೊಂಡವರು ನಡೆದರು. ನಡಿಗೆಯ ನೋವಿಗೆ ಪೆಂಟಾಕ್ಸಿಫಿಲಿನ್ ಬೇಡ ಎಂದು 2016ರ ಅಮೆರಿಕದ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಇನ್ನೂ ಧಾರಾಳವಾಗಿ ಬರೆಯುತ್ತಾರೆ. ಈ ಮಾತ್ರೆಯ ಬದಲು ಸಿಲೊಸ್ಟಜಾಲ್ ಆಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಗೌರವದಿಂದಲೇ ಕೇಳಿ. ಹೃದಯ ವೈಫಲ್ಯ ಇರುವವರಿಗೆ ಸಿಲೊಸ್ಟಜಾಲ್ ಕೊಡಲೇಬಾರದು, ಆದ್ದರಿಂದ ಮೊದಲು ಹೃದಯದ ಸ್ಥಿತಿ ನೋಡಿಸಬೇಕು. ತಲೆನೋವು, ಎದೆಬಡಿತ, ಭೇದಿ ಅದರ ಸಾಮಾನ್ಯ ಅಡ್ಡಪರಿಣಾಮಗಳು.

ಕ್ಲೊಪಿಡೊಗ್ರೆಲ್ ಬಗ್ಗೆ ಒಂದು ತಪ್ಪು ಕಲ್ಪನೆ ಎಲ್ಲ ಮನೆಗಳಲ್ಲೂ ಇದೆ. ಅದು, ಆಸ್ಪಿರಿನ್, ವಾರ್ಫರಿನ್, ಇವುಗಳಲ್ಲಿ ಯಾವುದೂ ರಕ್ತವನ್ನು ನೀರಾಗಿಸುವುದಿಲ್ಲ. ಕ್ಲೊಪಿಡೊಗ್ರೆಲ್ ಮತ್ತು ಆಸ್ಪಿರಿನ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ವಾರ್ಫರಿನ್‌ನಂಥವು ಹೆಪ್ಪುಗಟ್ಟುವ ಪ್ರಕ್ರಿಯೆಯನ್ನು ತಡೆಯುತ್ತವೆ. ಗೋಡೆಯ ಗಡ್ಡೆ ಒಡೆದ ಗಳಿಗೆಯಲ್ಲಿ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚದಿರಲಿ ಎಂಬುದು ಇವುಗಳ ಉದ್ದೇಶ. ಇದು ಹೃದಯ ಮತ್ತು ಮೆದುಳಿಗೂ ರಕ್ಷಣೆ. ಕಾಲಿನ ನಾಳ ಕಿರಿದಾಗಿದೆ ಎಂದರೆ ಹೃದಯದ ನಾಳಗಳೂ ಕೆಟ್ಟಿರುವ ಸಂಭವ ಹೆಚ್ಚು. ಈ ರೋಗಿಗಳಲ್ಲಿ ಹೆಚ್ಚಿನವರ ಜೀವಕ್ಕೆ ಅಪಾಯ ಬರುವುದು ಕಾಲಿನಿಂದಲ್ಲ, ಹೃದಯದಿಂದ. ಆದ್ದರಿಂದ ‘ಕಾಲು ನೋವು ಕಡಿಮೆಯಾಗಿಲ್ಲ, ಮಾತ್ರೆ ದಂಡ’ ಎಂದು ಕ್ಲೊಪಿಡೊಗ್ರೆಲ್ ಆಗಲಿ ಅಟೊರ್ವಾಸ್ಟಾಟಿನ್ ಆಗಲಿ ನಿಲ್ಲಿಸಬೇಡಿ. ಹಲ್ಲು ಕೀಳಿಸುವಾಗಲೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

17.2 ಹಿಮೋಗ್ಲೋಬಿನ್, 51 ಹೆಮಟೋಕ್ರಿಟ್ ಎಂಬ ಅಂಕಿಗಳನ್ನು ನಾನು ಕಡೆಗಣಿಸುವುದಿಲ್ಲ. ಸೇದುವವರಲ್ಲಿ ಇದಕ್ಕೆ ಸಾಮಾನ್ಯ ಕಾರಣ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್. ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ಕೊರತೆ ತುಂಬಲು ಮೂಳೆಮಜ್ಜೆ ಹೆಚ್ಚು ಕಣಗಳನ್ನು ತಯಾರಿಸುತ್ತದೆ. ಅಂಕಿ ನೋಡಿ ‘ರಕ್ತ ಚೆನ್ನಾಗಿದೆ’ ಎಂದು ಸಂತೋಷಪಡುವವರಿದ್ದಾರೆ. ನಿಜದಲ್ಲಿ ಕಣ ಹೆಚ್ಚು, ಪ್ರತಿ ಕಣ ಹೊರುವ ಆಮ್ಲಜನಕ ಕಡಿಮೆ. ಬೀಡಿ ಬಿಟ್ಟರೆ ಕೆಲವು ವಾರ, ತಿಂಗಳುಗಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಬೀಡಿ ಬಿಟ್ಟ ಮೇಲೂ ಇಳಿಯದಿದ್ದರೆ, ಅಥವಾ ಬಿಳಿ ಕಣ, ಪ್ಲೇಟ್‌ಲೆಟ್‌ಗಳ ಸಂಖ್ಯೆಯೂ ಹೆಚ್ಚಿದ್ದರೆ, ಈಗಲೇ ರಕ್ತರೋಗ ತಜ್ಞರನ್ನು ಕಾಣಬೇಕು. ಗಂಡಸರಲ್ಲಿ ಹಿಮೋಗ್ಲೋಬಿನ್ 16.5 ಅಥವಾ ಹೆಮಟೋಕ್ರಿಟ್ 49 ದಾಟಿದಾಗ ಪಾಲಿಸೈಥೀಮಿಯಾ ವೆರಾ ಎಂಬ ಮಜ್ಜೆಯ ಕಾಯಿಲೆಯ ಸಾಧ್ಯತೆಯನ್ನು ಯೋಚಿಸಬೇಕಾಗುತ್ತದೆ. ಜೆಎಕೆ2 ಎಂಬ ಜೀನ್ ಪರೀಕ್ಷೆಯಿಂದ ಬಹುಪಾಲು ತಿಳಿಯುತ್ತದೆ. ಆ ಕಾಯಿಲೆಯಲ್ಲಿ ಮಾತ್ರ ರಕ್ತವನ್ನು ತೆಳುವಾಗಿಸುವುದು ನಿಜವಾದ ಚಿಕಿತ್ಸೆ. ಹೆಮಟೋಕ್ರಿಟ್ 45ರ ಕೆಳಗೆ ಇಟ್ಟವರಿಗೆ ಹೋಲಿಸಿದರೆ 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ, ರಕ್ತನಾಳಗಳ ಸಾವು ಮತ್ತು ದೊಡ್ಡ ಹೆಪ್ಪುಗಟ್ಟುವಿಕೆಗಳು ಸುಮಾರು ನಾಲ್ಕು ಪಟ್ಟು ಹೆಚ್ಚಾದದ್ದು 2013ರಲ್ಲಿ ಪ್ರಕಟವಾದ ಇಟಲಿಯ ಪರೀಕ್ಷೆಯಲ್ಲಿ ಕಂಡಿದೆ.

ಹಾಗೆಂದು ಶಿಬಿರಕ್ಕೆ ಹೋಗಿ ರಕ್ತದಾನ ಮಾಡಿಸಬೇಡಿ. ಅಪಧಮನಿ ರೋಗವಿದ್ದು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ದಾನಿಯಾಗುವುದು ಅವರಿಗೂ ಕ್ಷೇಮವಲ್ಲ, ಪಡೆಯುವವರಿಗೂ ಸರಿಯಲ್ಲ. ತೆಗೆಯಲೇಬೇಕಾದರೆ ಅದು ತಜ್ಞರು ಲೆಕ್ಕಹಾಕಿ ಆಸ್ಪತ್ರೆಯಲ್ಲಿ ಮಾಡುವ ಚಿಕಿತ್ಸೆ. ರಕ್ತವನ್ನು ಅತಿಯಾಗಿ ತೆಳುವಾಗಿಸುವುದೂ ಹಾನಿಯೇ. ರಕ್ತಹೀನತೆ ಇರುವವರ ರಕ್ತ ಸರಾಗವಾಗಿ ಹರಿಯುತ್ತದೆ, ಆದರೆ ಹೊತ್ತು ತರುವ ಆಮ್ಲಜನಕ ಕಡಿಮೆ. ಕಾಲಿನ ರೋಗವಿರುವವರಲ್ಲಿ ರಕ್ತಹೀನತೆ ಇದ್ದರೆ ಫಲಿತಾಂಶ ಕೆಟ್ಟದಾಗಿರುತ್ತದೆ.

ನೀರಿನ ವಿಷಯ ಸರಳ. ಬೇಸಿಗೆಯಲ್ಲಿ ಬೆವರಿ, ವಾಂತಿಭೇದಿಯಾಗಿ ದೇಹ ಒಣಗಿದರೆ ರಕ್ತ ಗಟ್ಟಿಯಾಗುತ್ತದೆ, ಅದನ್ನು ತಪ್ಪಿಸಬೇಕು. ಬಾಯಾರಿಕೆ ನೀಗುವಷ್ಟು ಕುಡಿದ ಮೇಲೆ ಇನ್ನೆರಡು ಲೀಟರ್ ಒತ್ತಾಯದಿಂದ ಕುಡಿಸಿದರೆ ಅದು ಮೂತ್ರವಾಗಿ ಹೋಗುತ್ತದೆಯೇ ಹೊರತು ರಕ್ತ ತೆಳುವಾಗಿ ಉಳಿಯುವುದಿಲ್ಲ. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿದ್ದರೆ ಅಪಾಯವೂ ಇದೆ. ಸಾರಿಗೆ, ಚಟ್ನಿಗೆ ಬೆಳ್ಳುಳ್ಳಿ ಹಾಕಿಕೊಳ್ಳಲಿ. ಬೆಳ್ಳುಳ್ಳಿಯ ಗುಳಿಗೆಗಳನ್ನು ಕ್ಲೊಪಿಡೊಗ್ರೆಲ್ ಜೊತೆ ಕೊಡುವುದು ಬೇಡ, ರಕ್ತಸ್ರಾವ ಹೆಚ್ಚಬಹುದು.

ಕೊನೆಯ ಪ್ರಶ್ನೆಗೆ ನನ್ನ ಉತ್ತರ: ನಡೆಯಲೇಬೇಕು. ಅವರ ಕಾಲಿಗೆ ಇರುವ ಔಷಧಗಳಲ್ಲಿ ಬೀಡಿ ಬಿಡುವುದರ ನಂತರ ನಡಿಗೆಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನೋವು ಬರುವ ತನಕ ನಡೆದು, ಇನ್ನು ಸಾಕು ಎನಿಸುವಷ್ಟು ನೋವಾದಾಗ ನಿಲ್ಲಲಿ. ಪೂರ್ತಿ ಹೋದ ಮೇಲೆ ಮತ್ತೆ ನಡೆಯಲಿ. ವಿಶ್ರಾಂತಿಯೂ ಸೇರಿ ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಕನಿಷ್ಠ 12 ವಾರ. ಆ ನೋವು ಸ್ನಾಯುವಿಗೆ ಗಾಯವಾದ ನೋವಲ್ಲ, ಆಮ್ಲಜನಕ ಸಾಲದ ನೋವು. ಅದರಿಂದ ಕಾಲು ಕೆಡುವುದಿಲ್ಲ. ಎದೆನೋವು ಬಂದರೆ ಮಾತ್ರ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಶುರುಮಾಡುವ ಮುನ್ನ ಹೃದಯದ ತಪಾಸಣೆ ಮಾಡಿಸಿ. ನಡಿಗೆಯಿಂದ ಸ್ನಾಯು ಸಿಕ್ಕ ರಕ್ತವನ್ನೇ ಚೆನ್ನಾಗಿ ಬಳಸಿಕೊಳ್ಳಲು ಕಲಿಯುತ್ತದೆ, ಒಳಪದರದ ನೈಟ್ರಿಕ್ ಆಕ್ಸೈಡ್ ಹೆಚ್ಚುತ್ತದೆ. ಅಡಚಣೆಯ ಎರಡು ಬದಿಗಳ ಒತ್ತಡದ ವ್ಯತ್ಯಾಸದಿಂದ ಉಪನಾಳಗಳಲ್ಲಿ ರಕ್ತ ಬಿರುಸಾಗಿ ಹರಿದಾಗ ಆ ಉಜ್ಜುವಿಕೆಯೇ ಅವು ಅಗಲವಾಗಿ ಬೆಳೆಯಲು ಸಂಕೇತವಾಗುತ್ತದೆ. ಹೊಟ್ಟೆಯ ಮಹಾಪಧಮನಿ ಮತ್ತು ಅದರ ಕವಲುಗಳಲ್ಲಿ ಅಡಚಣೆ ಇದ್ದ 111 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆರು ತಿಂಗಳ ಕೊನೆಗೆ ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಮೇಲ್ವಿಚಾರಣೆಯಲ್ಲಿ ನಡಿಗೆ ಅಭ್ಯಾಸ ಮಾಡಿದವರ ನಡೆಯುವ ಸಾಮರ್ಥ್ಯವೇ ಹೆಚ್ಚು ಸುಧಾರಿಸಿತ್ತು. ಇನ್ನೂರು ಮೀಟರ್ ನಡೆಯಬಲ್ಲ, ಹುಣ್ಣಿಲ್ಲದ ನಿಮ್ಮ ತಂದೆಯವರಿಗೆ ಈಗಲೇ ಸ್ಟೆಂಟ್ ಬೇಕು ಎಂದು ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ರಕ್ತನಾಳ ತಜ್ಞರ ಅಭಿಪ್ರಾಯವನ್ನೂ ಪಡೆಯಿರಿ.

ಬೀಡಿಯನ್ನು ಕಡಿಮೆ ಮಾಡುವ ಮಾತಿಲ್ಲ, ಪೂರ್ತಿ ಬಿಡಬೇಕು. ಒಬ್ಬರೇ ಹೆಣಗುವುದು ಬೇಡ. ನಿಕೋಟಿನ್ ಚ್ಯೂಯಿಂಗ್ ಗಮ್, ಮಾತ್ರೆಗಳು, ಆಪ್ತಸಮಾಲೋಚನೆ ಎಲ್ಲವೂ ಇವೆ, ಕೇಳಿ ಪಡೆಯಿರಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ರಕ್ತ ಕಡಿಮೆ ಇರುವ ಪಾದದಲ್ಲಿ ಚಿಕ್ಕ ಗಾಯವೂ ಒಣಗುವುದಿಲ್ಲ. ದಿನವೂ ರಾತ್ರಿ ನೀವೋ ನಿಮ್ಮ ತಾಯಿಯವರೋ ಅವರ ಅಂಗಾಲು, ಬೆರಳುಸಂದಿ ನೋಡಿ. ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಲಿ. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಬೇಡ, ಬೆಳಗಿನ ತಂಪಿನಲ್ಲಿ ಹೋಗಲಿ. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಆಣಿಯನ್ನು ಬ್ಲೇಡಿನಿಂದ ಕೆರೆಯಬೇಡಿ. ಉಬ್ಬಿದ ಅಭಿಧಮನಿಗಳಿಗೆ ಕೊಡುವ ಬಿಗಿ ಕಾಲುಚೀಲವನ್ನು ಯಾರದೋ ಸಲಹೆಯ ಮೇಲೆ ತೊಡಿಸಬೇಡಿ. ಅಪಧಮನಿ ಕಿರಿದಾದ ಕಾಲಿಗೆ ಅದು ಇರುವ ರಕ್ತವನ್ನೂ ತಡೆಯಬಲ್ಲದು.

ರಾತ್ರಿ ಮಲಗಿದಾಗ ಪಾದ ನೋಯುವುದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಆರಾಮ ಎನಿಸುವುದು, ಎರಡು ವಾರವಾದರೂ ಒಣಗದ ಹುಣ್ಣು, ಬೆರಳು ಕಪ್ಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕೆಲವೇ ದಿನಗಳೊಳಗೆ ರಕ್ತನಾಳ ತಜ್ಞರ ಬಳಿ ಕರೆದೊಯ್ಯಿರಿ. ಆಗ ನಡಿಗೆಯ ಅಭ್ಯಾಸವನ್ನು ನೆಚ್ಚಿಕೊಂಡು ಕೂರುವಂತಿಲ್ಲ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಬೇಕಾಗುತ್ತದೆ. ಕಾಲು ತಟ್ಟನೆ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋವಿನೊಂದಿಗೆ ಬೆರಳಾಡಿಸಲು ಬಾರದಂತಾದರೆ ನಾಳ ಪೂರ್ತಿ ಮುಚ್ಚಿದೆ ಎಂದು ಅರ್ಥ. ಸ್ನಾಯು ಉಳಿಸಿಕೊಳ್ಳಲು ಇರುವ ಸಮಯ ಸುಮಾರು ಆರು ಗಂಟೆ. ಎಣ್ಣೆ ತಿಕ್ಕುತ್ತಾ, ಶಾಖ ಕೊಡುತ್ತಾ ಬೆಳಗಾಗಲಿ ಎಂದು ಕಾಯದೆ, ರಕ್ತನಾಳದ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಗೆ ಆ ಹೊತ್ತಿನಲ್ಲೇ ಹೊರಡಿ. ದಾವಣಗೆರೆಯ ಸುತ್ತಮುತ್ತ ಅಂಥ ಸೌಲಭ್ಯ ಎಲ್ಲಿದೆ, ರಾತ್ರಿಯೂ ತೆರೆದಿರುತ್ತದೆಯೇ ಎಂಬುದನ್ನು ಈ ವಾರವೇ ವಿಚಾರಿಸಿ, ದೂರವಾಣಿ ಸಂಖ್ಯೆಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ.